ಮಸ್ಟರ್ ಪುಸ್ತಕದಲ್ಲಿ ಹುಟ್ಟುವ ಅಡ್ಡಹೆಸರು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಜರ್ಮನ್ ಅಡ್ಡಹೆಸರೊಂದನ್ನು ಹುಡುಕಬೇಕೆಂದರೆ ಬಹಳ ತಿರುಗಬೇಕಿಲ್ಲ. ಎರಡನೇ ಹಂತದಲ್ಲಿರುವ ಎಬಿಬಿ ಕಂಪನಿಯ ಕೆಂಪು ಫಲಕದ ಕೊನೆಯ ಅಕ್ಷರ ಸಾಕು. ಅದು ವಾಲ್ಟರ್ ಬೊವೇರಿಯದು. ಬವೇರಿಯಾದ ಬಾಂಬರ್ಗ್ ಊರಿನಲ್ಲಿ 1865ರಲ್ಲಿ ಹುಟ್ಟಿದ ಈತ ಚಾರ್ಲ್ಸ್ ಬ್ರೌನ್ ಜೊತೆ ಸೇರಿ 1891ರಲ್ಲಿ ಸ್ವಿಟ್ಜರ್ಲೆಂಡಿನ ಬಾಡೆನ್‌ನಲ್ಲಿ ವಿದ್ಯುತ್ ಯಂತ್ರಗಳ ಕಂಪನಿ ಕಟ್ಟಿದ. 1988ರಲ್ಲಿ ಅದು ಸ್ವೀಡನ್ನಿನ ಕಂಪನಿಯೊಂದರ ಜೊತೆ ಒಂದಾದಾಗ ಎಬಿಬಿ ಆಯಿತು. ಬೊವೇರಿ ಎಂಬ ಹೆಸರಿನವರು ಜರ್ಮನಿಯಲ್ಲೂ ಅಪರೂಪ. ವಾಲ್ಟರನ ಅಣ್ಣ ಥಿಯೊಡೋರ್ ಬೊವೇರಿ ವರ್ಣತಂತುಗಳಿಗೂ ಆನುವಂಶಿಕತೆಗೂ ಇರುವ ನಂಟನ್ನು ತೋರಿಸಿದ ವಿಜ್ಞಾನಿ. ಅವನ ಹೆಸರು ಪಠ್ಯಪುಸ್ತಕದಲ್ಲಿ ಪೂರ್ತಿಯಾಗಿ ಉಳಿಯಿತು, ತಮ್ಮನದು ಫಲಕದಲ್ಲಿ ಒಂದಕ್ಷರವಾಗಿ ಉಳಿಯಿತು. ಇನ್ನು ಕರೆಂಟು ಹೋದಾಗ ಶೆಡ್ಡಿನ ಹಿಂದೆ ಗುಡುಗುವ ಜನರೇಟರಿಗೆ ಸುರಿಯುವ ಡೀಸೆಲ್ ಕೂಡ ಒಬ್ಬ ಜರ್ಮನ್ನನ ಮನೆತನದ ಹೆಸರೇ. ರುಡಾಲ್ಫ್ ಡೀಸೆಲ್‌ಗೆ ಎಂಜಿನ್ನಿನ ಪೇಟೆಂಟ್ ಸಿಕ್ಕಿದ್ದು 1893ರಲ್ಲಿ.

ಜರ್ಮನ್ನರು ತಮ್ಮ ಅಡ್ಡಹೆಸರುಗಳ ವಿಷಯದಲ್ಲಿ ಬಲು ಅಚ್ಚುಕಟ್ಟು. ಯಾವ ಹೆಸರು ಯಾವ ಸೀಮೆಯಲ್ಲಿ ಎಷ್ಟಿದೆ ಎಂದು ನಕ್ಷೆ ಬರೆದಿಟ್ಟಿದ್ದಾರೆ. 2005ರ ದೂರವಾಣಿ ಸಂಪರ್ಕಗಳ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ದೊಡ್ಡ ಅಟ್ಲಾಸ್ ತಂದರು. ಮೈಂಟ್ಸ್ ನಗರದ ಅಕಾಡೆಮಿಯಲ್ಲಿ 2012ರಿಂದ ಅಡ್ಡಹೆಸರುಗಳ ಡಿಜಿಟಲ್ ನಿಘಂಟೊಂದು ಬೆಳೆಯುತ್ತಿದೆ. ನಿಮ್ಮ ಹೆಸರು ಮ್ಯೂಲರ್ ಆಗಿದ್ದರೆ, ಅಂದರೆ ಪೂರ್ವಿಕರು ಹಿಟ್ಟಿನ ಗಿರಣಿಯವರಾಗಿದ್ದರೆ, ದೇಶದ ತುಂಬ ನಿಮ್ಮವರೇ. ಸ್ಮಿಟ್ ಆಗಿದ್ದರೆ ನಮ್ಮ ಕಮ್ಮಾರ, ಕಂಬಾರರ ನೆಂಟರು.

ನಮ್ಮ ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್ ಅವರ ಹೆಸರಿನದೂ ಇದೇ ಕಥೆ. ಜರ್ಮನ್ನಿನಲ್ಲಿ ಕಿಟ್ಟೆಲ್ ಎಂದರೆ ಕೆಲಸಗಾರರು ಬಟ್ಟೆಯ ಮೇಲೆ ತೊಡುವ ನಿಲುವಂಗಿ. ಪೀಣ್ಯದ ಯಾವ ಕಾರ್ಖಾನೆಗೆ ಹೋದರೂ ಗೂಟದಲ್ಲಿ ನೇತಾಡುವ ಆ ನೀಲಿ ಕೋಟು. ಅದನ್ನು ಹೊಲಿಯುತ್ತಿದ್ದವನಿಗೋ ಸದಾ ತೊಟ್ಟಿರುತ್ತಿದ್ದವನಿಗೋ ನೆರೆಯವರು ಇಟ್ಟ ಹೆಸರು ಮೊಮ್ಮಕ್ಕಳ ತನಕ ಅಂಟಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಮುಖಪುಟಕ್ಕೂ ಬಂತು.

ಅಂಟಿಕೊಳ್ಳುವುದೇ ಇಲ್ಲಿ ಮುಖ್ಯ. ಹನ್ನೆರಡನೇ ಶತಮಾನದ ತನಕ ಜರ್ಮನ್ನರಲ್ಲೂ ಒಬ್ಬರಿಗೆ ಒಂದೇ ಹೆಸರು. ಪಟ್ಟಣಗಳು ಬೆಳೆದವು, ಒಂದೇ ಬೀದಿಯಲ್ಲಿ ಹತ್ತು ಮಂದಿ ಹೈನ್ರಿಷ್, ಹತ್ತು ಮಂದಿ ಯೋಹಾನ್ ಕಾಣಿಸಿಕೊಂಡರು, ಸಾಲ ಯಾರದು ತೆರಿಗೆ ಯಾರದು ಎಂದು ಗುರುತಿಸುವುದು ಕಷ್ಟವಾಯಿತು. ಆಗ ಕಸುಬು, ಊರು, ಮನೆ, ಮೈಬಣ್ಣ, ಚಾಳಿ, ಏನು ಸಿಕ್ಕರೆ ಅದು ಹೆಸರಿನ ಹಿಂದೆ ಬಂತು.

ಅದೇ ಶತಮಾನದಲ್ಲಿ ನಮ್ಮ ಶರಣರ ಕಲ್ಯಾಣದಲ್ಲೂ ಇದೇ ನಡೆದಿತ್ತು ಎನ್ನುವುದನ್ನು ನಾವು ಯಾಕೋ ಗಮನಿಸುವುದಿಲ್ಲ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ. ಮಾರಯ್ಯ ಎನ್ನುವವರೇ ಎಷ್ಟು ಜನ! ಬಿದ್ದ ಅಕ್ಕಿ ಆಯ್ದು ತರುವವರು ಆಯ್ದಕ್ಕಿ ಮಾರಯ್ಯ, ಕಟ್ಟಿಗೆಯ ಹೊರೆ ಹೊತ್ತು ಮಾರುವವರು ಮೋಳಿಗೆ ಮಾರಯ್ಯ. ಹೆಸರಿನ ಹಿಂದೆ ಬರುವ ಬದಲು ಮುಂದೆ ಬಂತು, ಅಷ್ಟೇ ವ್ಯತ್ಯಾಸ.

ಪೀಣ್ಯದ ಶೆಡ್ಡುಗಳಲ್ಲಿ ಈ ಕೆಲಸ ಇವತ್ತಿಗೂ ನಿಂತಿಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಯಿತು, 1970ರ ದಶಕದಲ್ಲಿ ಪಕ್ಕದ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳ ಎಸ್ಟೇಟು ಬಂತು, ತುಮಕೂರು ರಸ್ತೆ ಹಿಡಿದು ಜನ ಬಂದರು. ಮಂಡ್ಯ, ಹಾಸನ, ತುಮಕೂರಿನವರು ಬಂದರು. ಗದಗ, ಹಾವೇರಿ, ಬಾಗಲಕೋಟೆ, ರಾಯಚೂರಿನವರು ಬಂದರು. ಉತ್ತರ ಕರ್ನಾಟಕದ ಬಸ್ಸುಗಳು ಇಲ್ಲಿಂದಲೇ ಹೊರಡಲಿ ಎಂದು 2014ರಲ್ಲಿ ಬಸವೇಶ್ವರ ಬಸ್ ನಿಲ್ದಾಣವನ್ನೇ ಉದ್ಘಾಟಿಸಿದರು. (ಪ್ರಯಾಣಿಕರು ಮೆಜೆಸ್ಟಿಕ್ ಬಿಟ್ಟು ಬರಲಿಲ್ಲ, ನಿಲ್ದಾಣ ಖಾಲಿ ಹೊಡೆಯಿತು. ಅದು ಬೇರೆ ಕಥೆ.) ಒಂದು ಜಾಬ್‌ವರ್ಕ್ ಶೆಡ್ಡಿನಲ್ಲಿ ಹನ್ನೆರಡು ಮಂದಿ ಇದ್ದರೆ ಅದರಲ್ಲಿ ಮೂವರು ಮಂಜುನಾಥರು ಇರುವುದು ಖಚಿತ. ಮಾಲೀಕ 'ಮಂಜಾ' ಎಂದು ಕೂಗಿದರೆ ಮೂವರೂ ತಿರುಗುತ್ತಾರೆ. ವಾರದೊಳಗೆ ಒಬ್ಬ ಗದಗ ಮಂಜ, ಇನ್ನೊಬ್ಬ ಲೇತ್ ಮಂಜ, ಮತ್ತೊಬ್ಬ ಗಡ್ಡದ ಮಂಜ ಆಗಿರುತ್ತಾನೆ. ಊರು, ಕಸುಬು, ಮೈಗುರುತು. ಜರ್ಮನ್ ನಿಘಂಟುಕಾರರು ಅಡ್ಡಹೆಸರುಗಳನ್ನು ವಿಂಗಡಿಸುವಾಗ ಹಾಕುವ ಖಾನೆಗಳೂ ಹೆಚ್ಚುಕಡಿಮೆ ಇವೇ.

ಇದರಲ್ಲಿ ಗದಗ ಮಂಜನ ಹೆಸರನ್ನು ನೋಡಿ. ಗದಗದಲ್ಲಿ ಯಾರೂ ಅವನನ್ನು ಗದಗ ಮಂಜ ಎನ್ನುವುದಿಲ್ಲ. ಊರಿನ ಹೆಸರು ಅಂಟುವುದು ಊರು ಬಿಟ್ಟವರಿಗೆ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನವರು. ಹೀಗಾಗಿ ಅಪರೂಪದ ಅಡ್ಡಹೆಸರೊಂದರ ಮೂಲ ಹುಡುಕಿ ಆ ಊರಿಗೇ ಹೋದರೆ ಅಲ್ಲಿ ಆ ಹೆಸರಿನವರು ಒಬ್ಬರೂ ಸಿಗದೆ ಹೋಗಬಹುದು. ಸುತ್ತಲಿನ ಹತ್ತು ಊರುಗಳಲ್ಲಿ ಹುಡುಕುವುದು ಮೇಲು.

ಆದರೆ ಶೆಡ್ಡಿನ ಹೆಸರು ಶೆಡ್ಡಿನಲ್ಲೇ ಉಳಿಯುತ್ತದೆ. ಬಾಯಿಮಾತಿನ ಹೆಸರು ಅಡ್ಡಹೆಸರಾಗಿ ಗಟ್ಟಿಯಾಗಬೇಕಾದರೆ ಪುಸ್ತಕ ಹಿಡಿದುಕೊಂಡು ಒಬ್ಬ ಬಂದು ಕೂರಬೇಕು. ಜರ್ಮನಿಯಲ್ಲಿ ಮೊದಲು ಚರ್ಚಿನ ಪಾದ್ರಿ ಕೂತ, ಆಮೇಲೆ ಸರಕಾರ ಕೂತಿತು. 1876ರ ಜನವರಿ 1ರಿಂದ ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಸರಕಾರಿ ಕಚೇರಿಯಲ್ಲೇ ಬರೆಸಬೇಕೆಂಬ ಕಾನೂನು ಜಾರಿಗೆ ಬಂದ ಮೇಲೆ ಹೆಸರಿನ ಕಾಗುಣಿತವೂ ಬಿಗಿಯಾಯಿತು. ಅಲ್ಲಿಯ ತನಕ ಒಂದೇ ಆಗಿದ್ದ ಮೈಯರ್ ನಾಲ್ಕೈದು ಬಗೆಯ ಬರಹದಲ್ಲಿ ನಾಲ್ಕೈದು ಮನೆತನವಾಗಿ ಹೆಪ್ಪುಗಟ್ಟಿತು.

ನಮ್ಮಲ್ಲಿ ಆ ಪುಸ್ತಕ ಅರ್ಧ ನಾಡಿಗೆ ಮಾತ್ರ ಬಂತು. ಆದಿಲ್‌ಶಾಹಿ, ಮರಾಠರು, ಆಮೇಲೆ ಮುಂಬೈ ಸರಕಾರ ಆಳಿದ ಸೀಮೆಯಲ್ಲಿ ವತನದ ಲೆಕ್ಕವೇ ಹೆಸರಿನ ಲೆಕ್ಕ. ಹಳ್ಳಿಯ ಲೆಕ್ಕ ಬರೆಯುವವನು ಕುಲಕರ್ಣಿ, ಯಜಮಾನಿಕೆ ಮಾಡುವವನು ಪಾಟೀಲ, ಪರಗಣೆಗೆ ದೇಸಾಯಿ, ದೇಶಪಾಂಡೆ. ಹುದ್ದೆ ವಂಶಪಾರಂಪರ್ಯ, ಹೆಸರೂ ವಂಶಪಾರಂಪರ್ಯ. 1950ರಲ್ಲಿ ಮುಂಬೈ ಸರಕಾರ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ಕಾನೂನು ತಂದು ತೆಗೆದುಹಾಕಿತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಉಳಿದದ್ದನ್ನು ಮುಗಿಸಿತು. ಹುದ್ದೆ ಹೋಯಿತು, ಪೀಣ್ಯದ ಹಾಜರಿ ಮಸ್ಟರ್‌ನಲ್ಲಿ ಫಿಟ್ಟರ್ ಕುಲಕರ್ಣಿ, ವೆಲ್ಡರ್ ಪಾಟೀಲ ಇದ್ದೇ ಇದ್ದಾರೆ.

ಅಧಿಕಾರದ ಹೆಸರುಗಳಿಗಿಂತ ಸಂತೆಯ ಹೆಸರುಗಳೇ ನನಗೆ ಹೆಚ್ಚು ಇಷ್ಟ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ, ಜವಳಿ, ಅಂಗಡಿ. ಹುಬ್ಬಳ್ಳಿ-ಧಾರವಾಡದಿಂದ ವಿಧಾನಸಭೆಗೆ ಬಂದವರಲ್ಲಿ ಒಬ್ಬರು ಬೆಲ್ಲದ, ಇನ್ನೊಬ್ಬರು ಟೆಂಗಿನಕಾಯಿ. ಕೊಪ್ಪಳದಿಂದ ಲೋಕಸಭೆಗೆ ಹೋದವರು ಕರಡಿ ಸಂಗಣ್ಣ. ರಾಷ್ಟ್ರಪತಿ ಭವನದಲ್ಲಿ 1977ರಲ್ಲಿ ಹಂಗಾಮಿಯಾಗಿ ಕೂತ ಬಿ.ಡಿ. ಜತ್ತಿಯವರ ಹೆಸರು ಕುಸ್ತಿಯ ಜಟ್ಟಿಯನ್ನು ನೆನಪಿಸುತ್ತದೆ. ಇನ್ನು ದೊಡ್ಡಮನಿ, ಹೊಸಮನಿ, ಹಿತ್ತಲಮನಿ, ಕಟ್ಟೀಮನಿ. ಅಂಚೆಯವನಿಗೆ ಮನೆ ತೋರಿಸಿದ ಹಾಗೆ. ಧರ್ಮದ ಗೆರೆಯೂ ಇಲ್ಲಿ ಅಡ್ಡ ಬಂದಿಲ್ಲ: ಹತ್ತಿ ಹಿಂಜುವ ನದಾಫ, ಹಣ್ಣು ಮಾರುವ ಬಾಗವಾನ, ಅತ್ತರಿನ ಅತ್ತಾರ ಇದೇ ಸಾಲಿನಲ್ಲಿ ನಿಲ್ಲುತ್ತಾರೆ.

ಹೊಸದಾಗಿ ಸೇರಿದ ಹುಡುಗನ ಹೆಸರು ಬರೆದುಕೊಳ್ಳುವಾಗ ಮಂಡ್ಯದ ಕಡೆಯ ಸೂಪರ್‌ವೈಸರ್ ಪೆನ್ನು ನಿಲ್ಲಿಸಿ ತಲೆಯೆತ್ತುವುದನ್ನು ಕಂಡಿದ್ದೇನೆ. "ಮೆಣಸಿನಕಾಯಾ? ಅದೇನಪ್ಪಾ, ಹೆಸ್ರು ಹೇಳು ಅಂದ್ರೆ ಸಂತೆ ಚೀಟಿ ಓದ್ತೀಯ." ಹುಡುಗ ಬೇಸರ ಮಾಡಿಕೊಳ್ಳಲಿಲ್ಲ. "ನಮ್ಮ ಮನಿತನದ ಹೆಸರ್ರೀ ಸರ. ನಿಮ್ಮ ಅಡ್ಡೆಸರೇನ್ರೀ?" ಎಂದ. ಸೂಪರ್‌ವೈಸರ್ ಹತ್ತಿರ ಉತ್ತರವಿರಲಿಲ್ಲ. ಅವರಿಗಿದ್ದದ್ದು ಎರಡು ಇನಿಶಿಯಲ್.

ಹಳೇ ಮೈಸೂರಿನ ಪದ್ಧತಿಯೇ ಹಾಗೆ. ಮೊದಲಕ್ಷರ ಊರಿನದು, ಎರಡನೆಯದು ಅಪ್ಪನದು, ಆಮೇಲೆ ತನ್ನದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಅಪ್ಪನ ಹೆಸರು ತಲೆಮಾರಿಗೊಮ್ಮೆ ಬದಲಾಗುತ್ತದೆ. ಅಜ್ಜ, ಅಪ್ಪ, ಮಗ ಮೂವರನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಹೆಸರು ಇಲ್ಲವೇ ಇಲ್ಲ. ಬೇಕೆಂದು ಯಾರಿಗೂ ಅನಿಸಿರಲಿಲ್ಲ. 1956ರಲ್ಲಿ ನಾಡು ಒಂದಾದಾಗಲೂ ಹೆಸರಿನ ಪದ್ಧತಿ ಎರಡಾಗಿಯೇ ಉಳಿಯಿತು, ಜಗಳವೇನೂ ಆಗಲಿಲ್ಲ.

ಜಗಳ ತಂದದ್ದು ಕಂಪ್ಯೂಟರಿನ ಖಾನೆ. ಶಿವಕುಮಾರ ಎನ್. ಎಂಬ ಟರ್ನರ್ ಒಬ್ಬನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎನ್ ಮುಂದಿದೆ, ಆಧಾರ್‌ನಲ್ಲಿ ಹಿಂದಿದೆ, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ, ಪಾನ್ ಕಾರ್ಡಿನಲ್ಲಿ ಬಿಡಿಸಿ ನಂಜೇಗೌಡ ಎಂದಾಗಿದೆ. 2014ರಲ್ಲಿ ಪಿಎಫ್‌ಗೆ ಎಲ್ಲ ಕೆಲಸಕ್ಕೂ ಒಂದೇ ಯುಎಎನ್ ಸಂಖ್ಯೆ ಬಂತು, ಅದಕ್ಕೆ ಆಧಾರ್ ಜೋಡಿಸಬೇಕಾಯಿತು. ಒಂದಕ್ಷರ ತಾಳೆಯಾಗದಿದ್ದರೆ ದುಡ್ಡು ಬಿಡುಗಡೆಯಿಲ್ಲ. ಮಗಳ ಮದುವೆಗೆ ಪಿಎಫ್ ಎತ್ತಲು ಹೋದವನು ಜಂಟಿ ಘೋಷಣಾ ಪತ್ರ ಹಿಡಿದು ಹಳೆಯ ಮಾಲೀಕನ ಶೆಡ್ಡು ಹುಡುಕಬೇಕು. ಆ ಶೆಡ್ಡು ಮುಚ್ಚಿ ಈಗ ಗೋದಾಮು ಆಗಿರುತ್ತದೆ. ಈ ತಿದ್ದುಪಡಿಗಳಿಗೆ ಭವಿಷ್ಯನಿಧಿ ಸಂಘಟನೆ 2023ರ ಆಗಸ್ಟ್‌ನಲ್ಲಿ ಒಂದು ಕಾರ್ಯವಿಧಾನ ಹೊರಡಿಸಿತು. 2017ರ ಅಕ್ಟೋಬರ್ 1ರ ನಂತರ ಆಧಾರ್ ಮೂಲಕ ಸಂಖ್ಯೆ ಪಡೆದವರು ಮಾಲೀಕರ ಒಪ್ಪಿಗೆಯಿಲ್ಲದೆ ತಾವೇ ತಿದ್ದಿಕೊಳ್ಳಬಹುದೆಂದು 2025ರ ಜನವರಿಯಲ್ಲಿ ಸಡಿಲಿಸಿತು. ಹಳಬರು ಇನ್ನೂ ಅರ್ಜಿ ಹಿಡಿದೇ ಇದ್ದಾರೆ.

ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಡ್ಡಹೆಸರಿನ ಖಾನೆ ಖಾಲಿ ಬಿಟ್ಟರೆ ಏನಾಗುತ್ತದೆ ಎಂದು 2022ರ ನವೆಂಬರ್‌ನಲ್ಲಿ ದುಬೈಗೆ ಹೊರಟವರಿಗೆ ಗೊತ್ತಾಯಿತು: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಸಂದರ್ಶಕರನ್ನು ಬಿಟ್ಟುಕೊಳ್ಳುವುದಿಲ್ಲ ಎಂದು ಯುಎಇ ಹೇಳಿತು, ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಆದೀತು ಎಂದಿತು. ಅಂದಿನಿಂದ ಸೈಬರ್ ಸೆಂಟರಿನ ಹುಡುಗರು ಕೇಳುವ ಮೊದಲ ಪ್ರಶ್ನೆಯೇ "ಸರ್‌ನೇಮ್ ಏನು ಹಾಕ್ಲಿ ಅಣ್ಣಾ?" ಅಣ್ಣ ಅಲ್ಲೇ ನಿಂತು ತೀರ್ಮಾನಿಸುತ್ತಾನೆ. ಒಬ್ಬ ಅಪ್ಪನ ಹೆಸರು ಹಾಕಿಸುತ್ತಾನೆ, ಒಬ್ಬ ಊರಿನದು, ಒಬ್ಬ ಗೌಡ ಎಂದು ಮುಗಿಸುತ್ತಾನೆ. ವತನದ ಸೀಮೆಯಲ್ಲಿ ತಲೆಮಾರುಗಟ್ಟಲೆ ಹಿಡಿದ ಕೆಲಸ ಇಲ್ಲಿ ಟೋಕನ್ ಸಂಖ್ಯೆ ಕರೆಯುವಷ್ಟರಲ್ಲಿ ಮುಗಿಯುತ್ತದೆ.

ಹೀಗೆ ಹುಟ್ಟುವ ಹೆಸರುಗಳಲ್ಲಿ ಬಹಳಷ್ಟು ಒಂದೊಂದೇ ಮನೆಯವು. ಇಂಗ್ಲಿಷ್ ಕಾಗುಣಿತ ಅವನ್ನು ಇನ್ನಷ್ಟು ಒಡೆಯುತ್ತದೆ. ಗೌಡ ಎನ್ನುವುದನ್ನು ಒಬ್ಬರು 'ಡಬ್ಲ್ಯು' ಹಾಕಿ ಬರೆದರೆ ಇನ್ನೊಬ್ಬರು 'ಯು' ಹಾಕುತ್ತಾರೆ. ಅಣ್ಣನದೊಂದು ತಮ್ಮನದೊಂದು ಆದರೆ ಕಂಪ್ಯೂಟರಿನ ಪಾಲಿಗೆ ಎರಡು ಮನೆತನ. ಎಷ್ಟು ಮನೆತನ ಎಂದು ಲೆಕ್ಕ ಹಾಕಲು ನಮ್ಮಲ್ಲಿ ಜರ್ಮನ್ನರ ಹಾಗೆ ಅಟ್ಲಾಸ್ ಇಲ್ಲ. ಜನಗಣತಿಯವರು ಮನೆಮನೆಯಲ್ಲೂ ಹೆಸರು ಬರೆದುಕೊಳ್ಳುತ್ತಾರೆ, ಹೊರಗೆ ಬಿಡುವುದಿಲ್ಲ. 1948ರ ಕಾಯ್ದೆ ಅದನ್ನು ಗುಟ್ಟಾಗಿಡಬೇಕೆನ್ನುತ್ತದೆ. ಮತದಾರರ ಪಟ್ಟಿಯೊಂದೇ ದಿಕ್ಕು. ಅದರಲ್ಲೂ ಹಳೇ ಮೈಸೂರಿನವರ ಅರ್ಧ ಹೆಸರು ಚುಕ್ಕಿಯ ಹಿಂದೆ ಅಡಗಿರುತ್ತದೆ. ಕನ್ನಡ ಅಡ್ಡಹೆಸರುಗಳ ನಿಘಂಟನ್ನು ಯಾವುದಾದರೂ ವಿಶ್ವವಿದ್ಯಾಲಯ ಕೈಗೆತ್ತಿಕೊಂಡರೆ, ಶಾಸನಗಳಿಂದ ಶುರುಮಾಡಿ ಪೀಣ್ಯದ ಟೈಮ್ ಆಫೀಸಿನ ತನಕ ಬರಬೇಕಾಗುತ್ತದೆ.

ಈಗ ಪೀಣ್ಯದಿಂದ ಜರ್ಮನಿಗೆ ಹೋಗುವವರೂ ಇದ್ದಾರೆ. ಟೂಲ್‌ರೂಮಿನಲ್ಲಿ ಪಳಗಿದ ಕೈಗಳಿಗೆ, ಅವರ ಎಂಜಿನಿಯರ್ ಮಕ್ಕಳಿಗೆ ಅಲ್ಲಿ ಬೇಡಿಕೆಯಿದೆ. ಅಲ್ಲಿ ನೆಲೆಸಿ ಹೆಸರಿನ ವಿಷಯದಲ್ಲಿ ಜರ್ಮನ್ ಕಾನೂನಿನಡಿ ಬಂದವರಿಗೆ ಆ ದೇಶದ ಸಿವಿಲ್ ಸಂಹಿತೆಯ ಪ್ರವೇಶ ಕಾಯ್ದೆಯ 47ನೇ ವಿಧಿ ಒಂದು ಅವಕಾಶ ಕೊಡುತ್ತದೆ: ಇರುವ ಹೆಸರುಗಳಲ್ಲಿ ಯಾವುದು ಸ್ವಂತದ್ದು, ಯಾವುದು ಮನೆತನದ್ದು ಎಂದು ನೋಂದಣಿ ಕಚೇರಿಯಲ್ಲಿ ಹೇಳಬಹುದು, ಮನೆತನದ ಹೆಸರೇ ಇಲ್ಲದಿದ್ದರೆ ಒಂದನ್ನು ಆರಿಸಿಕೊಳ್ಳಬಹುದು. ಮೆಣಸಿನಕಾಯಿಯವರಿಗೆ ಇದರ ಗೊಡವೆಯಿಲ್ಲ, ಅವರದು ಮೊದಲೇ ತಯಾರು. ನಂಜೇಗೌಡರ ಮಗ ಕೂತು ಯೋಚಿಸಬೇಕು. ಅಪ್ಪನ ಹೆಸರನ್ನೇ ಆರಿಸಿದನೆಂದರೆ ನಂಜೇಗೌಡ ಎನ್ನುವುದು ಅಂದಿನಿಂದ ಒಂದು ಜರ್ಮನ್ ಅಡ್ಡಹೆಸರು, ಅವನ ಮಕ್ಕಳಿಗೂ ಅದೇ. ಬೊವೇರಿಗಿಂತಲೂ ಅಪರೂಪದ್ದು.

ಅಷ್ಟರಲ್ಲಿ ಇಲ್ಲಿ ದಾಸರಹಳ್ಳಿಯ ಮನೆಯಲ್ಲಿರುವ ಅಪ್ಪನಿಗೆ ಮಗನನ್ನು ನೋಡಲು ಹೋಗುವ ಆಸೆಯಾಗುತ್ತದೆ. ವೀಸಾ ಕಾಗದದಲ್ಲಿ ಮಗನ ಅಡ್ಡಹೆಸರು ನಂಜೇಗೌಡ, ಅಪ್ಪನ ಪಾಸ್‌ಪೋರ್ಟಿನಲ್ಲಿ ಅದು ಸ್ವಂತ ಹೆಸರಿನ ಖಾನೆಯಲ್ಲಿದೆ, ಅಡ್ಡಹೆಸರಿನ ಜಾಗದಲ್ಲಿ ತಾತನ ಹೆಸರು. ಇಬ್ಬರೂ ಅಪ್ಪ-ಮಗನೇ ಹೌದೆಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕು. ಸ್ಟಾಂಪ್ ಪೇಪರಿನಲ್ಲಿ ಟೈಪ್ ಮಾಡುವವನು ಬೆರಳು ಕೀಲಿಮಣೆಯ ಮೇಲಿಟ್ಟುಕೊಂಡು ಮತ್ತೆ ಕೇಳುತ್ತಾನೆ: "ನಂಜೇಗೌಡ ಅನ್ನೋದಕ್ಕೆ 'ಡಬ್ಲ್ಯು'ನೋ 'ಯು'ನೋ ಯಜಮಾನ್ರೇ?"