ಕಂತುಗಳಲ್ಲಿ ಬಂದ ಒಗಟಿನ ಆಟ: ‘ಸ್ಯಾಮ್ ಅಂಡ್ ಮ್ಯಾಕ್ಸ್’ ಸರಣಿಯನ್ನು ಆಡುವ ಬಗೆ

ಪೀಠಿಕೆ

ಕಥನದ ಅಧ್ಯಯನವು ಮೌಖಿಕ ಪರಂಪರೆ, ಗ್ರಂಥ, ರಂಗಭೂಮಿ ಹಾಗೂ ಚಲನಚಿತ್ರಗಳನ್ನು ಒಳಗೊಂಡು ಬೆಳೆದಿದೆ. ವಿಡಿಯೊ ಗೇಮ್‌ಗಳನ್ನು ಮಾತ್ರ ಕೇವಲ ಮನರಂಜನೆಯೆಂದು ಬದಿಗಿರಿಸುವುದೇ ಹೆಚ್ಚು. ಆದರೆ ಕಥೆಯನ್ನೇ ಆಧಾರವಾಗಿ ಉಳ್ಳ ‘ಪಾಯಿಂಟ್ ಅಂಡ್ ಕ್ಲಿಕ್’ ಸಾಹಸ ಆಟಗಳು ಓದಿನ ಸ್ವರೂಪವನ್ನು ಕುರಿತು ಮುಖ್ಯವಾದ ಪ್ರಶ್ನೆಯೊಂದನ್ನು ಎತ್ತುತ್ತವೆ: ಅರ್ಥವಾಗದ ಕಡೆ ಕಥೆಯೇ ನಿಂತುಬಿಟ್ಟರೆ ಓದುಗನ ಪಾಡೇನು? 2006–07ರಲ್ಲಿ ಆರು ಕಂತುಗಳಾಗಿ ಪ್ರಕಟವಾದ ‘ಸ್ಯಾಮ್ ಅಂಡ್ ಮ್ಯಾಕ್ಸ್’ ಸರಣಿಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಆರಂಭಕಾಲದ ಸಾಹಸ ಆಟಗಳಲ್ಲಿ ಆಟಗಾರರು ಆಜ್ಞೆಗಳನ್ನು ಕೀಲಿಮಣೆಯಲ್ಲಿ ಟೈಪ್ ಮಾಡಬೇಕಿತ್ತು. 1987ರಲ್ಲಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆಯ ‘ಮೇನಿಯಾಕ್ ಮ್ಯಾನ್ಷನ್’ ಆಟವು ತೆರೆಯ ಮೇಲೆ ಕಾಣುವ ಕ್ರಿಯಾಪದಗಳನ್ನೂ ವಸ್ತುಗಳನ್ನೂ ಆಯ್ದು ಜೋಡಿಸುವ ಕ್ರಮವನ್ನು ಬಳಕೆಗೆ ತಂದಿತು. ಸ್ಟೀವ್ ಪರ್ಸೆಲ್ ಅವರ ಕಾಮಿಕ್ಸ್‌ನಲ್ಲಿ ಹುಟ್ಟಿದ ಪತ್ತೇದಾರರಾದ ಸ್ಯಾಮ್ ಎಂಬ ನಾಯಿ ಮತ್ತು ಮ್ಯಾಕ್ಸ್ ಎಂಬ ಮೊಲದಂತಹ ಪ್ರಾಣಿ 1993ರಲ್ಲಿ ಇದೇ ಪರಂಪರೆಯ ಆಟವೊಂದರ ನಾಯಕರಾದರು. ಅದರ ಉತ್ತರಭಾಗದ ಸಿದ್ಧತೆಯನ್ನು ಲ್ಯೂಕಾಸ್‌ಆರ್ಟ್ಸ್ ಸಂಸ್ಥೆ 2004ರಲ್ಲಿ ಕೈಬಿಟ್ಟಿತು. ಆ ಸಂಸ್ಥೆಯಲ್ಲಿ ದುಡಿದಿದ್ದ ಕೆಲವರು ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಟೆಲ್‌ಟೇಲ್ ಗೇಮ್ಸ್ ಸ್ಥಾಪಿಸಿ, ಅಕ್ಟೋಬರ್ 2006ರಿಂದ ಏಪ್ರಿಲ್ 2007ರ ಅವಧಿಯಲ್ಲಿ ಹೊಸ ಸರಣಿಯನ್ನು ಅಂತರ್ಜಾಲದ ಮೂಲಕ ಕಂತುಕಂತಾಗಿ ಹೊರತಂದರು.

ತಡೆ ಮತ್ತು ತಿಳಿವಳಿಕೆ

ಆಡುವ ಕ್ರಮ ಸರಳವಾದುದು. ಮೌಸ್‌ನಿಂದ ಒತ್ತಿದರೆ ಸ್ಯಾಮ್ ನಡೆಯುತ್ತಾನೆ, ವಸ್ತುವನ್ನು ನೋಡುತ್ತಾನೆ, ಇಲ್ಲವೆ ಕೈಗೆತ್ತಿಕೊಳ್ಳುತ್ತಾನೆ. ದೊರೆತ ವಸ್ತುಗಳು ರಟ್ಟಿನ ಪೆಟ್ಟಿಗೆಯೊಂದನ್ನು ಸೇರುತ್ತವೆ. ಕಷ್ಟವಿರುವುದು ಕೈಚಳಕದಲ್ಲಲ್ಲ, ಊಹೆಯಲ್ಲಿ. ಮೊದಲ ಕಂತಿನ ಆರಂಭದ ಒಗಟನ್ನೇ ಗಮನಿಸಬಹುದು. ಪತ್ತೇದಾರರ ಕಚೇರಿಯ ಫೋನನ್ನು ಜಿಮ್ಮಿ ಎಂಬ ಇಲಿ ಕದ್ದೊಯ್ದಿದೆ. ಅದನ್ನು ಹಿಂದಿರುಗಿಸಲು ಇಲಿ ಕೇಳುವುದು ಸ್ವಿಸ್ ಚೀಸ್. ಕಚೇರಿಯಲ್ಲಿರುವುದಾದರೋ ಬೇರೊಂದು ಬಗೆಯ ಚೀಸ್. ಸ್ಯಾಮ್‌ನ ಪಿಸ್ತೂಲಿನಿಂದ ಅದಕ್ಕೆ ಗುಂಡು ಹಾರಿಸಿ ತೂತುಗಳನ್ನು ಮಾಡಿದರೆ ಅದೇ ಸ್ವಿಸ್ ಚೀಸ್ ಎನಿಸಿಕೊಳ್ಳುತ್ತದೆ!

ಸ್ವಿಸ್ ಚೀಸ್‌ನ ಗುರುತೇ ಅದರ ತೂತುಗಳು ಎಂಬುದನ್ನು ಬಲ್ಲವರಿಗೆ ಇದು ನಗೆಯ ಪ್ರಸಂಗ, ಅರಿಯದವರಿಗೆ ಮುಚ್ಚಿದ ಬಾಗಿಲು. ಕಾದಂಬರಿಯಲ್ಲಿ ಇಂತಹ ಉಲ್ಲೇಖ ತಿಳಿಯದಿದ್ದರೂ ಓದುಗ ಅದನ್ನು ದಾಟಿ ಮುಂದಿನ ಪುಟಕ್ಕೆ ಸಾಗಬಲ್ಲ. ಆಟದಲ್ಲಿ ಆ ಅವಕಾಶವಿಲ್ಲ. ನಮ್ಮ ಜನಪದ ಒಗಟುಗಳೂ ಹೇಳುವವರಿಗೂ ಕೇಳುವವರಿಗೂ ಸಮಾನವಾದ ಬದುಕನ್ನು ಅಪೇಕ್ಷಿಸುತ್ತವೆ ಎಂಬುದನ್ನು ಇಲ್ಲಿ ನೆನೆಯಬಹುದು. ಒನಕೆಯನ್ನು ಕಾಣದವರಿಗೆ ಒನಕೆಯ ಒಗಟು ಬಿಡಿಸಲು ಬಾರದು.

ಕಂತುಗಳ ಪಾತ್ರ

ಈ ತೊಡಕಿಗೆ ಸರಣಿಯ ರಚನೆಯಲ್ಲಿಯೇ ಭಾಗಶಃ ಪರಿಹಾರವಿದೆ. ಅದೇ ಕಚೇರಿ, ಅದೇ ಬೀದಿ, ಬಾಸ್ಕೋನ ಅದೇ ಅಂಗಡಿ ಕಂತಿನಿಂದ ಕಂತಿಗೆ ಮರಳಿ ಬರುತ್ತವೆ. ಬಾಸ್ಕೋ ಮಾರುವ ವಿಚಿತ್ರ ಉಪಕರಣದ ಬೆಲೆ ಪ್ರತಿಸಲವೂ ಏರುತ್ತದೆ. ಸಿಬಿಲ್ ಎಂಬಾಕೆ ಮೊದಲ ಕಂತಿನಲ್ಲಿ ಮನೋಚಿಕಿತ್ಸಕಿ, ಎರಡನೆಯದರಲ್ಲಿ ಪತ್ರಕರ್ತೆ. ಹೀಗೆ ಆಕೆಯ ವೃತ್ತಿ ಬದಲಾಗುತ್ತಲೇ ಹೋಗುತ್ತದೆ. ಪ್ರತಿ ಕಂತಿನ ಪ್ರಕರಣವೂ ತನ್ನಲ್ಲಿ ಪೂರ್ಣವಾದುದೇ. ಆದರೂ ಎಲ್ಲದರಲ್ಲಿಯೂ ಸುಳಿಯುವ ಸಮ್ಮೋಹನದ ಎಳೆ ಆರನೆಯ ಕಂತಿನಲ್ಲಿ ಕೊನೆಮುಟ್ಟುತ್ತದೆ. ಪರಿಚಿತ ಸ್ಥಳದಲ್ಲಿ ಯಾವುದು ಬದಲಾಗಿದೆಯೋ ಅಲ್ಲಿಯೇ ಸುಳಿವನ್ನು ಅರಸಬೇಕೆಂಬ ಪಾಠವನ್ನು ಆಟಗಾರ ಕ್ರಮೇಣ ಕಲಿಯುತ್ತಾನೆ. ಅಂದರೆ, ಹೊರಗಿನ ಲೋಕದ ಅರಿವು ಸಾಲದ ಕಡೆ ಹಿಂದಿನ ಕಂತುಗಳ ನೆನಪು ನೆರವಿಗೆ ಬರುತ್ತದೆ.

‘ಸುಧಾ’, ‘ತರಂಗ’ದಂತಹ ವಾರಪತ್ರಿಕೆಗಳ ಧಾರಾವಾಹಿಗಳಿಗೂ ಇದಕ್ಕೂ ಹೋಲಿಕೆಯಿದೆ, ಭೇದವೂ ಇದೆ. ಧಾರಾವಾಹಿ ಎಲ್ಲ ಓದುಗರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಆಟವು ಕಂತಿನ ಕೊನೆಯಲ್ಲಿ ಎಲ್ಲರನ್ನೂ, ಕಂತಿನ ಒಳಗೆ ಒಬ್ಬೊಬ್ಬರನ್ನು ಒಂದೊಂದೆಡೆಯಲ್ಲಿಯೂ ತಡೆಯುತ್ತದೆ. ಮೂಲ ಟೆಲ್‌ಟೇಲ್ ಸಂಸ್ಥೆ 2018ರಲ್ಲಿ ಮುಚ್ಚಿತು. 2020ರ ಪರಿಷ್ಕೃತ ಆವೃತ್ತಿಯಲ್ಲಿ ಆರೂ ಕಂತುಗಳು ಒಟ್ಟಿಗೆ ದೊರೆಯುವುದರಿಂದ ಮೊದಲಿನ ಕಾಯುವಿಕೆ ಈಗಿಲ್ಲ, ಒಳಗಿನ ತಡೆ ಉಳಿದಿದೆ. ಉತ್ತರಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಆಡುವವರು ಕೊನೆಯನ್ನು ತಲುಪುತ್ತಾರೆ, ಆದರೆ ಕೃತಿ ಅವರಿಂದ ಬೇಡಿದ ಊಹೆಯ ಶ್ರಮವನ್ನೇ ಕಳೆದುಕೊಳ್ಳುತ್ತಾರೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಅನುವಾದಕ್ಕೆ ಸಂಬಂಧಿಸಿದ ಒಂದು ಅಂಶ ಸ್ಪಷ್ಟವಾಗುತ್ತದೆ. ಇಂತಹ ಆಟವನ್ನು ಕನ್ನಡಕ್ಕೆ ತರುವುದಾದರೆ ಸಂಭಾಷಣೆಯನ್ನು ಭಾಷಾಂತರಿಸಿದರಷ್ಟೇ ಸಾಲದು. ‘ಸ್ವಿಸ್ ಚೀಸ್’ ಎಂಬ ಪದವನ್ನು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಆ ಬಾಗಿಲು ತೆರೆಯದು. ತೂತುಗಳ ವಿಷಯವನ್ನು ಪಾತ್ರವೊಂದರ ಮಾತಿನಲ್ಲಿ ಮೊದಲೇ ತರಬೇಕು, ಇಲ್ಲವೆ ಒಗಟನ್ನೇ ನಮ್ಮ ಅನುಭವದ ವಸ್ತುವಿನಿಂದ ಹೊಸದಾಗಿ ಕಟ್ಟಬೇಕು. ಒಗಟಿನ ಪರಂಪರೆಯನ್ನು ಬಲ್ಲ ಜಾನಪದ ವಿದ್ವಾಂಸರಿಗೂ ಅನುವಾದಕರಿಗೂ ಇದು ಕೂಡಿ ದುಡಿಯಬಹುದಾದ ಕ್ಷೇತ್ರ.