ಕಡವೆಗೆ ಯಾವ ಗುಂಡು?

ಬೆಳಗೋಡು ಹೋಬಳಿಯ ಸುತ್ತಿನ ಮಲೆನಾಡಿನಲ್ಲಿ ಹಳೆಯ ತೋಟದ ಮನೆಗಳ ಹಜಾರದ ಗೋಡೆಯ ಮೇಲೆ ಕಡವೆಯ ಕೊಂಬು ಇಂದಿಗೂ ಕಾಣಸಿಗುವುದುಂಟು. ಆ ಕೊಂಬಿನ ಕೆಳಗೆ ಕುಳಿತು ಹಿಂದಿನ ಶಿಕಾರಿಯವರು ತೀರದ ವಾದವೊಂದನ್ನು ನಡೆಸುತ್ತಿದ್ದರು: ಕಡವೆಯನ್ನು ನಿಂತಲ್ಲೇ ಕೆಡಹಲು ಯಾವ ಗುಂಡು ಮೇಲು? ಭಾರವಾದುದೋ, ವೇಗವಾದುದೋ? ಒಬ್ಬೊಬ್ಬರಿಗೂ ಒಂದೊಂದು ತೋಟಾದ ಮೇಲೆ ಭಕ್ತಿ. ಇಂದು ಆ ಶಿಕಾರಿಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ಬಿಗಿಗೊಳಿಸಿತು. 1991ರ ತಿದ್ದುಪಡಿಯು ಪರವಾನಿಗೆ ಪಡೆದು ಬೇಟೆಯಾಡುವ ದಾರಿಯನ್ನೂ ಮುಚ್ಚಿತು. ಆದರೂ ಆ ವಾದವು ಭೌತಶಾಸ್ತ್ರದ ವಿದ್ಯಾರ್ಥಿಗೆ ನಿಷ್ಪ್ರಯೋಜಕವಲ್ಲ. ಅದರ ಉತ್ತರವನ್ನು ತಿಳಿದವರಿಗೆ ಇದೇ ಗುಡ್ಡಗಳಲ್ಲಿ ಇಂದು ಆನೆಗಳತ್ತ ಹಿಡಿಯುವ ಇನ್ನೊಂದು ಬಗೆಯ ಕೋವಿಯ ಕಷ್ಟವೂ ಅರ್ಥವಾಗುತ್ತದೆ.

ಮೊದಲು ಒಂದು ತಪ್ಪು ನಂಬಿಕೆಯನ್ನು ಪರೀಕ್ಷಿಸೋಣ. ಗುಂಡು ತಗುಲಿದ ಪ್ರಾಣಿಯು ಹೊಡೆತದ ರಭಸಕ್ಕೆ ಹಾರಿ ಬೀಳುತ್ತದೆಂದು ಬಹು ಜನರ ಎಣಿಕೆ. ಚಲನಚಿತ್ರಗಳಲ್ಲಿ ಖಳನಾಯಕನು ಗೋಡೆಯನ್ನೇ ಒಡೆದುಕೊಂಡು ಹಿಂದಕ್ಕೆ ಹಾರುವುದನ್ನು ನೋಡಿದವರು ಬೇರೆ ಹೇಗೆ ತಾನೆ ಎಣಿಸಿಯಾರು? ನಮ್ಮ ಪೋಲೀಸರ ಕೈಯಲ್ಲಿ ಬಹುಕಾಲ ಇದ್ದ ‘ತ್ರೀ ನಾಟ್ ತ್ರೀ’ ರೈಫಲನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಗುಂಡಿನ ತೂಕ ಸುಮಾರು 11.3 ಗ್ರಾಂ, ನಳಿಗೆಯನ್ನು ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 744 ಮೀಟರ್. ಇವೆರಡನ್ನೂ ಗುಣಿಸಿದರೆ ಸಂವೇಗವು 8.4 ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್ ಆಗುತ್ತದೆ. ಎಂಬತ್ತು ಕಿಲೋಗ್ರಾಂ ತೂಗುವ ಗಂಡು ಜಿಂಕೆಯ ಮೈಯಲ್ಲಿ ಈ ಗುಂಡು ಪೂರ್ತಿಯಾಗಿ ನಿಂತುಹೋದರೂ ಜಿಂಕೆಗೆ ಬರುವ ವೇಗ ಸೆಕೆಂಡಿಗೆ ಹತ್ತೇ ಸೆಂಟಿಮೀಟರ್! ಮಗುವೊಂದು ಅಂಬೆಗಾಲಿಡುವುದೂ ಇದಕ್ಕಿಂತ ಬೇಗ. ನ್ಯೂಟನ್ನನ ಮೂರನೆಯ ನಿಯಮವನ್ನು ನೆನೆದರೆ ಲೆಕ್ಕವೂ ಬೇಕಿಲ್ಲ. ಹೊಡೆದವನ ಹೆಗಲು ತಾಳಿಕೊಳ್ಳುವ ತಳ್ಳುವಿಕೆಗೆ ಹೊಡೆಸಿಕೊಂಡ ಪ್ರಾಣಿ ಹಾರಿಬೀಳಲು ಕಾರಣವಿಲ್ಲ.

ಹಾಗಾದರೆ ಗುಂಡು ಕೊಲ್ಲುವುದು ಹೇಗೆ? ಇಲ್ಲಿ ಸಂವೇಗವನ್ನು ಬಿಟ್ಟು ಚಲನಶಕ್ತಿಯ ಕಡೆಗೆ ತಿರುಗಬೇಕು. ಅದೇ ಗುಂಡಿನ ಚಲನಶಕ್ತಿ ಸುಮಾರು 3,100 ಜೂಲ್, ಎಂದರೆ ಆ ಜಿಂಕೆಯನ್ನು ನಾಲ್ಕು ಮೀಟರ್ ಎತ್ತರಕ್ಕೆ ಏರಿಸಲು ಸಾಲುವಷ್ಟು. ಜಿಂಕೆಯನ್ನು ಅಲುಗಿಸಲಾರದ ಗುಂಡಿನಲ್ಲಿ ಅದನ್ನು ಮಾಳಿಗೆಗೆ ಏರಿಸುವ ಶಕ್ತಿ ಅಡಗಿದೆ! ಈ ಶಕ್ತಿ ವ್ಯಯವಾಗುವುದು ಮಾಂಸವನ್ನು ಸೀಳುವುದರಲ್ಲಿ, ಬದಿಗೆ ತಳ್ಳಿ ಹಿಗ್ಗಿಸುವುದರಲ್ಲಿ, ಶಾಖದಲ್ಲಿ. ಹಿಗ್ಗಿದ ಭಾಗವು ಕ್ಷಣಾರ್ಧದಲ್ಲಿ ಮತ್ತೆ ಕುಗ್ಗುತ್ತದೆ. ಸ್ಪಂಜಿನಂತಿರುವ ಶ್ವಾಸಕೋಶ ಈ ಎಳೆತವನ್ನು ಬಹುಮಟ್ಟಿಗೆ ತಾಳುತ್ತದೆ, ಯಕೃತ್ತು ಹರಿದುಹೋಗುತ್ತದೆ. ಆದುದರಿಂದ ಗುಂಡು ಎಷ್ಟು ಶಕ್ತಿಯನ್ನು ಹೊತ್ತು ತಂದಿತೆಂಬುದಕ್ಕಿಂತ ಎಷ್ಟನ್ನು, ಯಾವ ಅಂಗದಲ್ಲಿ ಬಿಟ್ಟಿತೆಂಬುದೇ ಮುಖ್ಯ. ಜಿಂಕೆಯನ್ನು ತೂರಿಕೊಂಡು ಆಚೆಯ ಬದಿಯಿಂದ ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಹೊರಬಿದ್ದ ಗುಂಡು 1,400 ಜೂಲ್‌ಗಳನ್ನು ಹಿಂದಿನ ಮರಕ್ಕೆ ದಾನಮಾಡಿತೆಂದೇ ಅರ್ಥ.

ಈ ಸಂಗತಿಯು ಮೊದಲು ತಲೆನೋವಾದದ್ದು ಬೇಟೆಗಾರರಿಗಲ್ಲ, ಸೈನಿಕರಿಗೆ. ಹೊಗೆಯಿಲ್ಲದ ಮದ್ದು ಬಂದ ಮೇಲೆ ಗುಂಡಿನ ವೇಗ ಬಹಳವಾಗಿ ಹೆಚ್ಚಿತು. ಬರಿಯ ಸೀಸದ ಗುಂಡು ನಳಿಗೆಯೊಳಗಿನ ತಿರುಚುಗೆರೆಗಳಲ್ಲಿ ಸವೆದುಹೋಗತೊಡಗಿದ್ದರಿಂದ ಅದಕ್ಕೆ ಗಟ್ಟಿ ಲೋಹದ ಕವಚ ತೊಡಿಸಬೇಕಾಯಿತು. ಕವಚ ತೊಟ್ಟ ಗುಂಡು ಆಕಾರ ಕೆಡದೆ ಸೂಜಿಯಂತೆ ತೂರಿಹೋಗುತ್ತಿತ್ತು. 1895ರ ಚಿತ್ರಾಲ್ ಕಾಳಗದಲ್ಲಿ, ಗುಂಡು ತಿಂದ ಶತ್ರುಗಳು ನಿಲ್ಲದೆ ಮುನ್ನುಗ್ಗಿ ಬರುತ್ತಿದ್ದರೆಂದು ಬ್ರಿಟಿಷ್ ಸೈನ್ಯ ದೂರಿತು. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿದ್ದ ಕ್ಯಾಪ್ಟನ್ ಬರ್ಟಿ-ಕ್ಲೇ ಕಂಡುಕೊಂಡ ಉಪಾಯ ಸರಳವಾದುದು: ಗುಂಡಿನ ಮೂತಿಯಲ್ಲಿ ಮಾತ್ರ ಕವಚವನ್ನು ತೆಗೆದು ಒಳಗಿನ ಸೀಸವನ್ನು ಬಯಲಾಗಿ ಬಿಡುವುದು. ಮೈಗೆ ತಗುಲಿದೊಡನೆ ಮೂತಿ ಅಣಬೆಯಂತೆ ಅರಳುತ್ತಿತ್ತು. ಆಗುವ ಗಾಯ ಎಷ್ಟು ಘೋರವಾಗಿತ್ತೆಂದರೆ 1899ರ ಹೇಗ್ ಸಮ್ಮೇಳನವು ಇಂತಹ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿತು. ಮೊದಲು ವಿರೋಧಿಸಿದ ಬ್ರಿಟನ್ 1907ರಲ್ಲಿ ಒಪ್ಪಿಕೊಂಡಿತು.

ವಿಚಿತ್ರವೆಂದರೆ, ಮನುಷ್ಯರ ಮೇಲೆ ಕೂಡದೆಂದ ಆ ಗುಂಡನ್ನೇ ಜಿಂಕೆಯ ಮೇಲೆ ಬಳಸಬೇಕೆಂದು ಕೆಲವು ದೇಶಗಳ ಕಾನೂನು ವಿಧಿಸುತ್ತದೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯಂತೆ ದೊಡ್ಡ ಜಾತಿಯ ಜಿಂಕೆಗಳಿಗೆ ಮೂತಿ ಅರಳುವ ಗುಂಡೇ ಆಗಬೇಕು, ನಳಿಗೆಯ ಬಾಯಲ್ಲಿ ಅದರ ಶಕ್ತಿ 1,700 ಅಡಿ-ಪೌಂಡಿಗೆ, ಎಂದರೆ ಸುಮಾರು 2,300 ಜೂಲಿಗೆ, ಕಡಿಮೆಯಿರಬಾರದು. ಇದರಲ್ಲಿ ವಿರೋಧವಿಲ್ಲವೆಂದೇ ನಮ್ಮ ಅಭಿಪ್ರಾಯ. ಗಾಯಗೊಂಡ ಸೈನಿಕನಿಗೆ ಡೋಲಿಯುಂಟು, ವೈದ್ಯನುಂಟು. ಗಾಯಗೊಂಡ ಜಿಂಕೆಗೆ ಇರುವುದು ಪೊದೆ ಮಾತ್ರ.

ಹಾಗೆಂದು ಮೂತಿ ಮೆತ್ತಗಾದಷ್ಟೂ ಒಳ್ಳೆಯದೆನ್ನುವಂತಿಲ್ಲ. ಅರಳಿದ ಗುಂಡಿನ ವ್ಯಾಸ ಎರಡರಷ್ಟಾದರೆ ಅದು ಎದುರಿಸುವ ಕ್ಷೇತ್ರ ನಾಲ್ಕರಷ್ಟಾಗುತ್ತದೆ. ತಡೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಹಗುರವಾದ, ಅತಿವೇಗದ, ತೀರ ಮೆತ್ತನೆಯ ಗುಂಡು ಕಡವೆಯ ಹೆಗಲಮೂಳೆಗೆ ತಗುಲಿದೊಡನೆ ಪುಡಿಯಾಗಿ, ಹೊರಗೆ ಭಯಂಕರ ಗಾಯವನ್ನು ಮಾಡಿ, ಹೃದಯವನ್ನು ಮುಟ್ಟದೆ ಉಳಿದೀತು. ಎಂಬತ್ತು ಕಿಲೋಗ್ರಾಮಿನ ಜಿಂಕೆಗೆ ಸರಿಹೋದದ್ದು ಇನ್ನೂರು ಕಿಲೋಗ್ರಾಂ ಮೀರುವ ಗಂಡು ಕಡವೆಗೆ ಸಾಲದಿರುವುದು ಇದರಿಂದಲೇ. ಭಾರವಾದ, ಮೂತಿ ಮಾತ್ರ ಅರಳಿ ಬುಡ ಗಟ್ಟಿಯಾಗಿ ಉಳಿಯುವ ಗುಂಡು ಅಲ್ಲಿಗೆ ಬೇಕು. ದೂರವೂ ಲೆಕ್ಕಕ್ಕೆ ಬರುತ್ತದೆ. ಗಾಳಿಯ ತಡೆಯಿಂದ ವೇಗವು ಕಾಲುಭಾಗ ಇಳಿದರೆ ಶಕ್ತಿಯು ಹದಿನಾರರಲ್ಲಿ ಒಂಬತ್ತು ಪಾಲಿಗೆ ಇಳಿಯುತ್ತದೆ. ವೇಗ ತೀರ ತಗ್ಗಿದಾಗ ಮೂತಿ ಅರಳುವುದೇ ಇಲ್ಲ. ‘ಸಾಫ್ಟ್‌ನೋಸ್’ ಎಂದು ಹಣ ಕೊಟ್ಟು ತಂದ ಗುಂಡು ಕವಚದ ಗುಂಡಿನಂತೆಯೇ ತೂರಿಹೋಗುತ್ತದೆ. ಭಾರವೋ ವೇಗವೋ ಎಂಬ ಹಜಾರದ ವಾದಕ್ಕೆ ಉತ್ತರವಿಷ್ಟೆ: ಎರಡೂ ಸಾಧನಗಳು ಮಾತ್ರ. ಹೃದಯ ಶ್ವಾಸಕೋಶಗಳವರೆಗೆ ತಲುಪಿ ಅಲ್ಲಿ ಅರಳುವ ಗುಂಡೇ ತಕ್ಕ ಗುಂಡು.

ಮಲೆನಾಡಿನ ಹೆಚ್ಚಿನ ಮನೆಗಳಲ್ಲಿ ರೈಫಲ್ ಇರಲಿಲ್ಲ. ಇದ್ದುದು ಕೇಪಿನ ಕೋವಿ, ಇಲ್ಲವೆ ಹನ್ನೆರಡು ಬೋರಿನ ಜೋಡುನಳಿಗೆ. ಹನ್ನೆರಡು ಎಂಬ ಸಂಖ್ಯೆಯ ಅರ್ಥ ಸ್ವಾರಸ್ಯವಾಗಿದೆ. ಆ ನಳಿಗೆಗೆ ಸರಿಹೊಂದುವ ಸೀಸದ ಉಂಡೆಗಳು ಹನ್ನೆರಡು ಸೇರಿದರೆ ಒಂದು ಪೌಂಡ್. ಉಂಡೆಯೊಂದಕ್ಕೆ ಸುಮಾರು 38 ಗ್ರಾಂ ತೂಕ, ಹದಿನೆಂಟೂವರೆ ಮಿಲಿಮೀಟರ್ ಅಗಲ. ಇದು ಅರಳಬೇಕಾದುದೇ ಇಲ್ಲ, ಹುಟ್ಟುವಾಗಲೇ ಅರಳಿದೆ, ಹತ್ತಿರದಲ್ಲಿ ಪ್ರಬಲವಾದುದು. ಅನರ್ಥವಾಗುತ್ತಿದ್ದುದು ಚರೆಯಿಂದ. ಚರೆಯ ವ್ಯಾಸ ಅರ್ಧವಾದರೆ ತೂಕ ಎಂಟನೆಯ ಒಂದು ಪಾಲಾಗುತ್ತದೆ, ಗಾಳಿಗೆ ಒಡ್ಡುವ ಕ್ಷೇತ್ರ ನಾಲ್ಕನೆಯ ಒಂದು ಪಾಲಾಗುತ್ತದೆ. ಆದುದರಿಂದ ಸಣ್ಣ ಚರೆ ದುಪ್ಪಟ್ಟು ಬೇಗ ವೇಗ ಕಳೆದುಕೊಳ್ಳುತ್ತದೆ. ದೂರದ ಜಿಂಕೆಯ ಮೈಗೆ ನಾಲ್ಕು ಚರೆ ತಗುಲಿದರೆ ಅದು ಸಾಯುವುದಿಲ್ಲ, ಅಂದು ಸಾಯುವುದಿಲ್ಲ. ಹೃದಯಕ್ಕೇ ಸರಿಯಾಗಿ ಗುಂಡು ಬಿದ್ದ ಜಿಂಕೆಯೂ ಮಿದುಳಿನಲ್ಲಿ ಉಳಿದ ಆಮ್ಲಜನಕದ ಬಲದಿಂದ ಹತ್ತು ಹದಿನೈದು ಸೆಕೆಂಡು ಓಡಬಲ್ಲುದು. ಅಷ್ಟರಲ್ಲಿ ನೂರು ಮೀಟರ್ ಕಳೆಯುತ್ತದೆ. ಬಯಲುಸೀಮೆಯಲ್ಲಿ ನೂರು ಮೀಟರ್ ಕಣ್ಣೆದುರೇ ಇದ್ದೀತು. ಲಂಟಾನ ಹಬ್ಬಿದ ಇಳಿಜಾರಿನಲ್ಲಿ, ರಕ್ತದ ಹನಿಗಳನ್ನು ಮಳೆ ತೊಳೆಯುತ್ತಿರುವಾಗ, ಅದು ಇನ್ನೊಂದು ಲೋಕ.

ಸೀಸದ ವಿಷಯವಾಗಿ ಒಂದು ಮಾತು. ಅರಳುವಾಗ ಸೀಸವು ಸಣ್ಣ ಚೂರುಗಳಾಗಿ ಮಾಂಸದಲ್ಲಿ ಚೆದುರುವುದನ್ನು ಎಕ್ಸ್-ರೇ ಚಿತ್ರಗಳು ತೋರಿಸಿವೆ. ಬೇಟೆಗಾರರು ಬಿಟ್ಟುಹೋದ ಕರುಳುಗಳನ್ನು ತಿಂದು ಅಮೆರಿಕೆಯ ಕಾಂಡರ್ ಹದ್ದುಗಳು ಸೀಸದ ವಿಷದಿಂದ ಸತ್ತವು. ಕ್ಯಾಲಿಫೋರ್ನಿಯ ರಾಜ್ಯವು 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡುಗಳನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಅಲ್ಲಿ ಬಳಕೆಗೆ ಬಂದಿರುವ ತಾಮ್ರದ ಗುಂಡಿನ ಮೂತಿ ಹೂವಿನ ದಳಗಳಂತೆ ಬಿಚ್ಚಿಕೊಂಡರೂ ಚೂರಾಗುವುದು ಬಹಳ ಕಡಿಮೆ.

ಇನ್ನು ಮೊದಲಲ್ಲಿ ಹೇಳಿದ ಇನ್ನೊಂದು ಕೋವಿ. ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟಗಳಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯಲು, ಇಲ್ಲವೆ ಗಾಯಗೊಂಡವಕ್ಕೆ ಚಿಕಿತ್ಸೆ ನೀಡಲು, ಅರಣ್ಯ ಇಲಾಖೆಯವರು ಅರಿವಳಿಕೆಯ ಡಾರ್ಟನ್ನು ಹಾರಿಸುತ್ತಾರೆ. ಇಲ್ಲಿ ಬೇಟೆಯ ಲೆಕ್ಕವೆಲ್ಲ ತಲೆಕೆಳಗು: ಸೂಜಿ ಚರ್ಮವನ್ನು ದಾಟಬೇಕು, ಆದರೆ ಶಕ್ತಿ ಆದಷ್ಟು ಕಡಿಮೆಯಿರಬೇಕು. ಹದಿನೈದು ಗ್ರಾಮಿನ ಡಾರ್ಟ್ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೋಗುತ್ತದೆಂದು ಇಟ್ಟುಕೊಂಡರೆ ಅದರ ಶಕ್ತಿ 27 ಜೂಲ್, ರೈಫಲ್ ಗುಂಡಿನ ನೂರನೆಯ ಒಂದು ಪಾಲಿಗೂ ಕಡಿಮೆ. ಈ ಸೌಮ್ಯತೆಗೆ ಬೆಲೆಯುಂಟು. ನಲವತ್ತು ಮೀಟರ್ ದೂರವನ್ನು ಕ್ರಮಿಸುವಷ್ಟರಲ್ಲಿ ರೈಫಲ್ ಗುಂಡು ಗುರುತ್ವದಿಂದ ಒಂದೂವರೆ ಸೆಂಟಿಮೀಟರ್ ಕೆಳಗಿಳಿದರೆ ಡಾರ್ಟ್ ಎರಡು ಮೀಟರಿಗೂ ಮಿಕ್ಕಿ ಇಳಿಯುತ್ತದೆ. ಒಂದೆರಡು ಮೀಟರ್ ದೂರವನ್ನು ತಪ್ಪಾಗಿ ಅಂದಾಜು ಮಾಡಿದರೂ ಗುರಿ ಕೆಡುತ್ತದೆ. ಹೀಗಾಗಿ ಹೊಡೆಯುವವನು ಆನೆಯ ಹತ್ತಿರಕ್ಕೆ ಹೋಗದೆ ಗತಿಯಿಲ್ಲ.

2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮನೆಂಬ ಕಾಡಾನೆಗೆ ಡಾರ್ಟ್ ಹೊಡೆಯಲು ಹೋದವರು, ಆ ಸೀಮೆಯಲ್ಲೆಲ್ಲ ‘ಆನೆ ವೆಂಕಟೇಶ್’ ಎಂದು ಹೆಸರಾಗಿದ್ದ ಅನುಭವಿ ಗುರಿಗಾರರು. ಆನೆ ತಿರುಗಿ ಅವರ ಮೇಲೆ ಬಿತ್ತು, ಅವರು ಉಳಿಯಲಿಲ್ಲ. ಡಾರ್ಟಿನ ಔಷಧ ರಕ್ತದಲ್ಲಿ ಹರಡಿ ಆನೆಯ ಕಾಲು ತಡವರಿಸಲು ಹಲವು ನಿಮಿಷಗಳು ಹಿಡಿಯುತ್ತವೆ. ಸಿಟ್ಟಿಗೆದ್ದು ನುಗ್ಗುವ ಆನೆಗೆ ಮೂವತ್ತು ಮೀಟರ್ ದಾಟಲು ಐದು ಸೆಕೆಂಡು ಸಾಕು.