ಎರಡು ಪಿಸ್ತಾ, ಒಂದು ಗೋಡೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಶೆಡ್ಡು. ಅದರ ಆಫೀಸು ರೂಮಿಗೆ ಹಸಿರು ಹೊಡೆಸೋಣವೆಂದು ಎರಡು ಕಂಪನಿಗಳ ಶೇಡ್ ಕಾರ್ಡ್ ತರಿಸಿದೆ. ಒಂದರಲ್ಲಿ ‘ಪಿಸ್ತಾ’, ಇನ್ನೊಂದರಲ್ಲಿ ‘ತಿಳಿ ಪಿಸ್ತಾ’. “ಎರಡೂ ಒಂದೇ ಅದಾವಲ್ರೀ ಸರ್” ಎಂದ ಪೇಂಟರ್. ಎರಡನ್ನೂ ಗೋಡೆಯ ಮೇಲೆ ಅಕ್ಕಪಕ್ಕ ಮೊಳದಗಲ ಬಳಿಸಿದೆ. ಮಧ್ಯಾಹ್ನ ಕಿಟಕಿಯ ಬೆಳಕಲ್ಲಿ ಗಡಿಯೇ ಕಾಣಲಿಲ್ಲ. ಸಂಜೆ ಲೈಟು ಹಾಕಿದರೆ ಒಂದು ಎಳೆ ಬಾಳೆಲೆ, ಇನ್ನೊಂದು ಹಳೇ ಆಸ್ಪತ್ರೆಯ ಗೋಡೆ!

ಗುಟ್ಟು ಇರುವುದು ಬಣ್ಣದಂಗಡಿಯ ಟಿಂಟಿಂಗ್ ಮಷೀನಿನಲ್ಲಿ. ಇಂಥ ತಿಳಿ ಶೇಡುಗಳ ಡಬ್ಬಿಯಲ್ಲಿ ಮೊದಲಿಗಿರುವುದು ಬರೀ ಬಿಳಿ ಬೇಸ್. ಶೇಡ್ ನಂಬರ್ ಒತ್ತಿದರೆ ಮಷೀನಿನ ಮೂತಿಯಿಂದ ದಾರದಷ್ಟು ತೆಳ್ಳಗೆ ಹಳದಿ, ಹಸಿರು, ಚೂರು ಕಪ್ಪು ಇಳಿದು ಬಿಳಿಯ ಮೇಲೆ ಸುರುಳಿ ಸುತ್ತಿಕೊಳ್ಳುತ್ತವೆ. ಆಮೇಲೆ ಡಬ್ಬಿಯನ್ನು ಗಡಗಡ ಕುಲುಕಿದರೆ ಪಿಸ್ತಾ. ಆದರೆ ಅಡುಗೆ ಒಂದೇ ಥರ ಇರಬೇಕಿಲ್ಲ. ಥಾಲೊ ಹಸಿರಿಗೆ (ನಡುವೆ ತಾಮ್ರದ ಪರಮಾಣು ಕೂತ ಅಣು ಅದು) ಕಬ್ಬಿಣದ ಆಕ್ಸೈಡಿನ ಹಳದಿ ಬೆರೆಸಬಹುದು. ಥಾಲೊ ನೀಲಿಗೆ ಬೇರೊಂದು ಹಳದಿ ಕೂಡಿಸಿಯೂ ಪಿಸ್ತಾಕ್ಕೇ ಬರಬಹುದು.

ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೊಮೀಟರ್ 400ರಿಂದ 700 ನ್ಯಾನೋಮೀಟರ್‌ವರೆಗೆ ಹತ್ತತ್ತಕ್ಕೊಮ್ಮೆ, ಅಂದರೆ 31 ಕಡೆ ಲೆಕ್ಕ ಹಿಡಿಯುತ್ತದೆ. ನಮ್ಮ ಕಣ್ಣಿಗೆ ಅಷ್ಟು ತಾಳ್ಮೆಯಿಲ್ಲ. ಮೂರು ಬಗೆಯ ಶಂಕುಕೋಶ, ಮಿದುಳಿಗೆ ಮೂರೇ ಮೊತ್ತ. 31 ಅಂಕಿಗಳು ಬೇರೆಯಾದರೂ ಈ ಮೂರು ತಾಳೆಯಾದರೆ ‘ಒಂದೇ ಬಣ್ಣ’ ಎಂದು ಸಹಿ ಹಾಕಿಬಿಡುತ್ತದೆ. ವಿಜ್ಞಾನಿಗಳು ಇದನ್ನು ಮೆಟಮೆರಿಸಂ ಅನ್ನುತ್ತಾರೆ. ಬೆಳಕು ಬದಲಾದೊಡನೆ ಈ ಹೊಂದಾಣಿಕೆ ಮುರಿಯುತ್ತದೆ. ಬಿಸಿಲಲ್ಲಿ ಎಲ್ಲ ಬಣ್ಣಗಳೂ ಧಾರಾಳ. ಬಿಳಿ ಎಲ್‌ಇಡಿಯಲ್ಲಿ 450ರ ಆಸುಪಾಸು ನೀಲಿಯ ಕೋಡು, ಪಕ್ಕದಲ್ಲೇ ತಗ್ಗು, ಆಚೆ ಹಳದಿಯ ಅಗಲ ದಿಬ್ಬ. ಆ ತಗ್ಗಿನ ಬೆಳಕನ್ನು ನೆಚ್ಚಿಕೊಂಡ ಬಣ್ಣ ಸಂಜೆ ಉಪವಾಸ ಬೀಳುತ್ತದೆ.

ನಾವು ಬಿಲ್ಲು ಬರೆಯುವುದು ಸಂಜೆ ಆರರ ಮೇಲೆ. ಹಾಗಾಗಿ ಬಾಳೆಲೆಯೇ ಗೆದ್ದಿತು.

ನಾಲ್ಕೂ ಗೋಡೆಗೆ ಹೊಡೆದ ಮೇಲೆ ಅದು ಕಾರ್ಡಿಗಿಂತ ಗಾಢವಾಗಿ ಕಂಡಿತು. ಪೇಂಟರ್ ಕಾರ್ಡನ್ನು ಗೋಡೆಗೆ ಹಿಡಿದು ಹಿಡಿದು ನೋಡಿದ. ಅವನ ಕೈತಪ್ಪೇನಿಲ್ಲ. ಹಸಿರು ಗೋಡೆಗೆ ಬಡಿದ ಬೆಳಕು ಎದುರಿನ ಹಸಿರು ಗೋಡೆಗೂ ಬಡಿಯುತ್ತದೆ, ಪ್ರತಿ ಬಡಿತಕ್ಕೂ ಇನ್ನಷ್ಟು ಕೆಂಪು ಸೋರಿ ಇನ್ನಷ್ಟು ಹಸಿರಾಗುತ್ತದೆ. ರೂಮು ಸಣ್ಣದಾದಷ್ಟೂ ಇದು ಜೋರು. ಸೂರಿಗೆ ಬಿಳಿ ಉಳಿಸಿಕೊಂಡಿದ್ದಕ್ಕೆ ಬದುಕಿದೆವು. ಅದೂ ಈಗ ಸ್ವಲ್ಪ ಪಿಸ್ತಾ ಥರವೇ ಕಾಣುತ್ತದೆ.